ಕೊಡಿಗೆಯೂ ಕ್ಷಮೆಯೂ

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳ ಯಲಹಂಕಗಳ ನಡುವೆ, ಕೊಡಿಗೇಹಳ್ಳಿ ಎಂಬುದೊಂದು ಊರು. ಯಶವಂತಪುರದ ಕಡೆಯಿಂದ ಯಲಹಂಕಕ್ಕೆ ಹೋಗುವ ರೈಲುದಾರಿಯಲ್ಲಿ ಅದು ಒಂದು ಸಣ್ಣ ನಿಲ್ದಾಣ. ಊರು ಎಂದೆನಾದರೂ, ಹೊಲಗದ್ದೆಗಳನ್ನು ಹುಡುಕಿಕೊಂಡು ಹೋದವರಿಗೆ ಈಗ ಅಲ್ಲಿ ಸಿಕ್ಕುವುದು ಮನೆಗಳ ಸಾಲು, ಅಂಗಡಿಗಳ ಸಾಲು. ಹಳೆಯದಾಗಿ ಉಳಿದಿರುವುದು ಹೆಚ್ಚಾಗಿ ಹೆಸರೇ. ಈ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಇನ್ನೂ ಕೆಲವಿವೆ. ಹೆಸರಿನ ಹಲಗೆಯನ್ನು ಓದಿದಾಗಲೆಲ್ಲ ನನಗೆ ಶಾಸನಗಳ ನೆನಪಾಗುತ್ತದೆ.

ಕೊಡಿಗೆ, ಕೊಡಗೆ, ಕೊಡಗಿ ಎಂದು ಹಲವು ರೂಪಗಳಲ್ಲಿ ನಮ್ಮ ಶಾಸನಗಳಲ್ಲಿ ಬರುವ ಈ ಮಾತು ‘ಕೊಡು’ ಎಂಬ ಧಾತುವಿನಿಂದ ಹುಟ್ಟಿದ್ದು. ಊರಿಗೆ ಉಪಕಾರ ಮಾಡಿದವನಿಗೆ ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಬಿಟ್ಟುಕೊಟ್ಟ ಭೂಮಿಗೆ ಕೊಡಿಗೆ ಎಂದು ಹೆಸರು. ಕೆರೆ ಕಟ್ಟಿಸಿದವನಿಗೆ, ಏರಿಯನ್ನು ಕಾಪಾಡಿಕೊಂಡು ಬರುವವನಿಗೆ ಕೊಟ್ಟದ್ದು ಕಟ್ಟುಗೊಡಗೆ. ಊರಿಗಾಗಿ ಕಾದಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಈ ಸುತ್ತಿನ ನೆಲಕ್ಕೆ ಇಂಥ ಲೆಕ್ಕ ಬಹಳ ಹಳೆಯದು. ಹೆಬ್ಬಾಳದಲ್ಲಿ ೨೦೧೮ರಲ್ಲಿ ಪತ್ತೆಯಾದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಎಂಟನೆಯ ಶತಮಾನದ್ದು. ನಗರದ ತೆಂಕಣ ಅಂಚಿನ ಬೇಗೂರಿನ ಶಾಸನದಲ್ಲಿ, ಗಂಗರಸ ಎರೆಯಪ್ಪನ ಪರವಾಗಿ ಹೋರಾಡಿ ನಾಗತ್ತರನು ಮಡಿದ ಮೇಲೆ, ಇರುಗನೆಂಬವನಿಗೆ ನಾಗತ್ತರ ಪಟ್ಟವೂ ಬೇಗೂರು ಮೊದಲಾದ ಹನ್ನೆರಡು ಊರುಗಳೂ ಕಲ್ನಾಡಾಗಿ ದೊರೆತುವು ಎಂದಿದೆ. ಸೇವೆಗೆ ನೆಲ, ಪಟ್ಟ, ಕಲ್ಲಿನ ಮೇಲೆ ಹೆಸರು. ಹಿರಿಯರು ಉಪಕಾರವನ್ನು ತೀರಿಸುತ್ತಿದ್ದ ನಾಣ್ಯಗಳು ಇವು.

ಈ ನಾಣ್ಯಗಳ ಜೊತೆಗೆ ಇನ್ನೊಂದನ್ನು ಸೇರಿಸಬಹುದೆ? ಸಮಾಜಕ್ಕೆ ಬೇಕಾದವನೊಬ್ಬ, ಕೆರೆ ಕಟ್ಟಿಸಿದವನೋ ಕಾವ್ಯ ಬರೆದವನೋ ರಾಜ್ಯವನ್ನು ಉಳಿಸಿದವನೋ, ಘೋರವಾದ ಅಪರಾಧ ಮಾಡಿದರೆ, ಅವನ ಉಪಕಾರವನ್ನು ನೆನೆದು ಕ್ಷಮೆಯನ್ನೇ ಕೊಡಿಗೆಯಾಗಿ ಕೊಡಬಹುದೆ? ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ಪ್ರಶ್ನೆ ಇದು. ಹಾಲು ಕೊಡುವ ಹಸು ಒದ್ದರೂ ಸಹಿಸಿಕೊಳ್ಳಬೇಕು ಎಂದು ನಮ್ಮಲ್ಲಿ ಹೇಳುವುದುಂಟು. ವ್ಯವಹಾರಜ್ಞಾನದ ಮಾತು, ಒಪ್ಪತಕ್ಕದ್ದೆ. ಆದರೆ ಹಾಲು ಕುಡಿದವನೂ ಒದೆಸಿಕೊಂಡವನೂ ಒಬ್ಬನೇ ಆಗಿದ್ದರೆ ಮಾತ್ರ ಆ ಮಾತಿಗೆ ಅರ್ಥ. ಹಾಲು ಒಂದು ಮನೆಗೆ, ಒದೆ ಇನ್ನೊಂದು ಮನೆಗೆ ಎಂದಾದಾಗ ಸಹನೆಯನ್ನು ಬೋಧಿಸುವವರು ಸಾಮಾನ್ಯವಾಗಿ ಹಾಲು ಕುಡಿದ ಮನೆಯವರೇ ಆಗಿರುತ್ತಾರೆ. ಚರಿತ್ರೆಯಿಂದ ಕೆಲವು ನಿದರ್ಶನಗಳನ್ನು ಎತ್ತಿಕೊಂಡರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಈ ಸೀಮೆಯದೇ. ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡ ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ. ವಿಜಯನಗರದ ಅಚ್ಯುತರಾಯ ಅವನ ಕೆಲಸವನ್ನು ಮೆಚ್ಚಿ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಹೋಬಳಿಗಳನ್ನು, ವರ್ಷಕ್ಕೆ ೩೦,೦೦೦ ವರಹದ ಹುಟ್ಟುವಳಿಯ ಸೀಮೆಯನ್ನು, ಬಿಟ್ಟುಕೊಟ್ಟನೆಂದು ಪ್ರತೀತಿ. ಅದೂ ಒಂದು ಬಗೆಯ ಕೊಡಿಗೆಯೇ. ಊರಿಗೆ ನೀರು ಒದಗಿಸಿದ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳೂ ಅವನ ಹೆಸರಿಗೇ ಸಲ್ಲುತ್ತವೆ. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ, ಅದು ಬೇರೆ ಮಾತು. ಇಂಥವನು ಒಂದು ಕೆಲಸ ಮಾಡಿದ. ಚಕ್ರವರ್ತಿಯ ಅಪ್ಪಣೆಯಿಲ್ಲದೆ ಬೈರೇದೇವರ ಹೆಸರಿನಲ್ಲಿ ವರಹಗಳನ್ನು ಟಂಕಿಸಿದ. ನಾಣ್ಯ ಹೊಡೆಯಿಸುವುದು ಸಾರ್ವಭೌಮನ ಹಕ್ಕು. ಮಾಂಡಲಿಕನು ಅದಕ್ಕೆ ಕೈಹಾಕಿದರೆ ಅದು ರಾಜದ್ರೋಹಕ್ಕೆ ಸಮಾನ. ಆನೆಗೊಂದಿಗೆ ಕರೆಸಿ ಅವನನ್ನು ಸೆರೆಯಲ್ಲಿಟ್ಟರು, ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡರು. ಐದು ವರ್ಷಗಳ ಸೆರೆ ಕಳೆದು, ದೊಡ್ಡ ದಂಡವನ್ನು ತೆತ್ತ ಮೇಲೆ ಬಿಡುಗಡೆಯಾಯಿತು, ಸೀಮೆಯೂ ಹಿಂದಕ್ಕೆ ಬಂತು. ಲೂಯಿ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವ ವೃತ್ತಾಂತ ಇದು.

ಈ ವೃತ್ತಾಂತದಲ್ಲಿ ನನಗೆ ಮೆಚ್ಚುಗೆಯಾಗುವ ಅಂಶವೊಂದಿದೆ. ಬೆಂಗಳೂರನ್ನು ಕಟ್ಟಿದನೆಂದು ಸೆರೆ ತಪ್ಪಲಿಲ್ಲ. ಸೆರೆಗೆ ಹೋದನೆಂದು ಬೆಂಗಳೂರನ್ನು ಕಟ್ಟಿದ ಹೆಸರೂ ಅಳಿಯಲಿಲ್ಲ. ಎರಡು ಲೆಕ್ಕ, ಎರಡು ಪುಸ್ತಕ. ಹಾಗೆಂದು ವಿಜಯನಗರದ ಅರಮನೆಯಲ್ಲಿ ನ್ಯಾಯದೇವತೆ ನೆಲೆಸಿದ್ದಳೆಂದು ಹೊಗಳಿಬಿಡುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಕೆಂಪೇಗೌಡನ ತಪ್ಪಿನಲ್ಲಿ ಒಂದು ತೊಟ್ಟು ರಕ್ತವೂ ಬೀಳಲಿಲ್ಲ. ನೋವಾದದ್ದು ಸಿಂಹಾಸನಕ್ಕೆ, ಶಿಕ್ಷೆ ಕೊಟ್ಟದ್ದೂ ಸಿಂಹಾಸನ.

ಈ ಸಂಶಯ ನನ್ನಲ್ಲಿ ಬಲವಾದದ್ದು ಅದೇ ದಶಕದ ಬಹು ದೂರದ ಊರಿನ ಇನ್ನೊಂದು ಕಥೆಯಿಂದ. ಬೆನ್ವೆನೂತೊ ಚೆಲ್ಲೀನಿ ಇಟಲಿಯ ಅಕ್ಕಸಾಲೆ, ಶಿಲ್ಪಿ, ಮತ್ತು ಜಗತ್ತಿನ ಸ್ವಾರಸ್ಯವಾದ ಆತ್ಮಕಥೆಗಳಲ್ಲಿ ಒಂದನ್ನು ಬರೆದಿಟ್ಟವನು. ೧೫೩೪ರಲ್ಲಿ ರೋಮಿನ ಬೀದಿಯಲ್ಲಿ ತನ್ನ ಪ್ರತಿಸ್ಪರ್ಧಿಯಾದ ಅಕ್ಕಸಾಲೆಯೊಬ್ಬನನ್ನು ಇರಿದು ಕೊಂದ. ಅದೇ ಸಮಯಕ್ಕೆ ಮೂರನೆಯ ಪಾಲ್ ಹೊಸದಾಗಿ ಪೋಪ್ ಆಗಿದ್ದರು. ಅವರಿಗೆ ತಮ್ಮ ಹೆಸರಿನ ನಾಣ್ಯಗಳಿಗೆ ಅಚ್ಚು ಕೊರೆಯುವ ಕೈ ಬೇಕಾಗಿತ್ತು, ಚೆಲ್ಲೀನಿಯ ಕೈಯನ್ನು ಮೀರಿಸುವ ಕೈ ಇರಲಿಲ್ಲ. ಅಭಯಪತ್ರ ಸಿಕ್ಕಿತು. ತಮ್ಮ ಕಲೆಯಲ್ಲಿ ಅದ್ವಿತೀಯರಾದ ಇಂಥವರು ಕಾನೂನಿಗೆ ಕಟ್ಟುಬೀಳಬೇಕಾಗಿಲ್ಲ ಎಂಬರ್ಥದ ಮಾತನ್ನು ಪೋಪರೇ ಆಡಿದರೆಂದು ಚೆಲ್ಲೀನಿ ಸಂಭ್ರಮದಿಂದ ಬರೆದುಕೊಂಡಿದ್ದಾನೆ. ಪ್ರತಿಭೆಗೆ ದೊರೆತ ಈ ಅಭಯ ಎಷ್ಟು ಕಾಲ ಬಾಳಿತು? ೧೫೩೮ರಲ್ಲಿ, ಪೋಪರ ಬೊಕ್ಕಸದ ರತ್ನಗಳನ್ನು ಹಿಂದೆಂದೋ ಲಪಟಾಯಿಸಿದನೆಂಬ ಆರೋಪ ಬಂದಾಗ, ಅದೇ ಮೂರನೆಯ ಪಾಲರ ಆಡಳಿತ ಅವನನ್ನು ಸಂತ ಏಂಜೆಲೊ ಕೋಟೆಯ ಸೆರೆಗೆ ತಳ್ಳಿತು. ಅಲ್ಲಿಂದ ತಪ್ಪಿಸಿಕೊಳ್ಳಲು ಹೋಗಿ ಕಾಲು ಮುರಿದುಕೊಂಡ. ಮನುಷ್ಯನನ್ನು ಕೊಂದಾಗ ಅವನು ಅದ್ವಿತೀಯ ಕಲಾವಿದ. ರತ್ನ ಕದ್ದನೆಂಬ ಮಾತು ಬಂದಾಗ ಅವನೂ ಎಲ್ಲರಂತೆ ಒಬ್ಬ ಅಕ್ಕಸಾಲೆ.

ನಮ್ಮ ಶಾಸ್ತ್ರಕಾರರು ಈ ವಿಷಯವನ್ನು ಯೋಚಿಸಿರಲಿಲ್ಲವೆ ಎಂದು ಕೇಳಬಹುದು. ಯೋಚಿಸಿದ್ದರು. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ದಾಯಭಾಗದ ವ್ಯಾಜ್ಯಗಳಿಗೆ ಇಪ್ಪತ್ತನೆಯ ಶತಮಾನದವರೆಗೂ ಆಧಾರವಾಗಿದ್ದ ಗ್ರಂಥ. ಬ್ರಾಹ್ಮಣನಿಗೆ ವಧೆ, ಬಂಧನ, ದಂಡ ಮೊದಲಾದ ಆರು ಶಿಕ್ಷೆಗಳಿಂದ ವಿನಾಯಿತಿ ಉಂಟೆಂಬ ಗೌತಮ ಧರ್ಮಸೂತ್ರದ ಮಾತು ಅವನ ಮುಂದೆ ಬಂತು. ಅವನು ಅದನ್ನು ತಳ್ಳಿಹಾಕಲಿಲ್ಲ, ಬಿಗಿಮಾಡಿದ. ಈ ವಿನಾಯಿತಿ ಹುಟ್ಟಿನಿಂದ ಬ್ರಾಹ್ಮಣನಾದ ಎಲ್ಲರಿಗೂ ಅಲ್ಲ. ವೇದ, ವೇದಾಂಗ, ಇತಿಹಾಸ, ಪುರಾಣ, ಲೋಕವ್ಯವಹಾರ ಎಲ್ಲವನ್ನೂ ಬಲ್ಲ ಬಹುಶ್ರುತನಿಗೆ ಮಾತ್ರ ಎಂದ. ಅಂದರೆ ಜಾತಿಯ ಕಾರಣಕ್ಕೆ ಇದ್ದ ಕ್ಷಮೆಯನ್ನು ಯೋಗ್ಯತೆಯ ಕಾರಣಕ್ಕೆ ಇಳಿಸಿದ. ಅವನ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೂ ಬಾಗಿಲು ಕಿರಿದಾಯಿತೇ ಹೊರತು ಮುಚ್ಚಲಿಲ್ಲ, ಮತ್ತು ಉಳಿದ ಸಂದಿ ನಾವು ಚರ್ಚಿಸುತ್ತಿರುವ ಸಂದಿಯೇ.

ಇದಕ್ಕೆ ಎದುರು ಮಾತೂ ಅದೇ ಪರಂಪರೆಯಲ್ಲಿದೆ. ಸ್ವಧರ್ಮದಿಂದ ಜಾರಿದವನು ಸೋದರನಾಗಲಿ, ಮಗನಾಗಲಿ, ಪೂಜ್ಯನಾಗಲಿ, ಮಾವನಾಗಲಿ ರಾಜನ ದಂಡದಿಂದ ಹೊರತಲ್ಲ ಎನ್ನುತ್ತಾನೆ ಯಾಜ್ಞವಲ್ಕ್ಯ. ಮನುಸ್ಮೃತಿಯಲ್ಲಿ ಒಂದು ವಿಚಿತ್ರವಾದ ಲೆಕ್ಕವುಂಟು. ಮತ್ತೆ ಮತ್ತೆ ಶ್ರೇಣಿಗಳನ್ನು ಹೇರಿದ ಗ್ರಂಥವೇ, ಕಳವಿನ ವಿಷಯ ಬಂದಾಗ, ತಿಳಿದು ಕದ್ದ ಶೂದ್ರನ ದೋಷ ಎಂಟು ಪಟ್ಟು, ವೈಶ್ಯನದು ಹದಿನಾರು, ಕ್ಷತ್ರಿಯನದು ಮೂವತ್ತೆರಡು, ಬ್ರಾಹ್ಮಣನದು ಅರವತ್ತನಾಲ್ಕು ಅಥವಾ ಅದಕ್ಕೂ ಹೆಚ್ಚು ಎನ್ನುತ್ತದೆ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡ ಬೀಳುವಲ್ಲಿ ರಾಜನಿಗೆ ಸಾವಿರ. ತಿಳಿವಳಿಕೆ ಹೆಚ್ಚಿದಷ್ಟೂ ಹೊಣೆ ಹೆಚ್ಚು ಎಂಬ ತರ್ಕ ಇದು. ಈ ಸಾವಿರವನ್ನು ರಾಜನಿಂದ ವಸೂಲು ಮಾಡುವವರು ಯಾರು ಎಂಬುದು ಮಾತ್ರ ಕಷ್ಟದ ಪ್ರಶ್ನೆ.

ಆ ಪ್ರಶ್ನೆ ನಮ್ಮನ್ನು ಮೈಸೂರಿಗೆ, ಚಿಕ್ಕದೇವರಾಜ ಒಡೆಯನ ಬಳಿಗೆ ಕರೆದೊಯ್ಯುತ್ತದೆ. ಸಾಹಿತ್ಯಾಭಿಮಾನಿಗಳಾದ ನಮಗೆ ಈ ದೊರೆ ಪರಕೀಯನಲ್ಲ. ೧೬೭೩ರಿಂದ ೧೭೦೪ರವರೆಗೆ ಆಳಿದ ಅವನ ಆಸ್ಥಾನ ಕನ್ನಡಕ್ಕೆ ಕೊಟ್ಟದ್ದು ಕಡಮೆಯಲ್ಲ. ತಿರುಮಲಾರ್ಯನ ಚಿಕದೇವರಾಜ ವಿಜಯ ಮತ್ತು ವಂಶಾವಳಿ, ಚಿಕುಪಾಧ್ಯಾಯನ ಮೂವತ್ತಕ್ಕೂ ಮಿಕ್ಕ ಕೃತಿಗಳು, ಉಪಲಬ್ಧ ಕನ್ನಡ ನಾಟಕಗಳಲ್ಲಿ ಮೊದಲನೆಯದಾದ ಸಿಂಗರಾರ್ಯನ ಮಿತ್ರವಿಂದಾ ಗೋವಿಂದ, ಎಲ್ಲವೂ ಆ ನೆರಳಿನಲ್ಲಿ ಹುಟ್ಟಿದುವು. ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಹದಿಬದೆಯ ಧರ್ಮವನ್ನು ಬರೆದು ಸಂಚಿಯ ಹೊನ್ನಮ್ಮನಾಗಿ ಉಳಿದದ್ದೂ ಅಲ್ಲಿಯೇ. ಆಡಳಿತದಲ್ಲಿ ಅಠಾರ ಕಚೇರಿಯ ವ್ಯವಸ್ಥೆ, ಅಂಚೆಯ ವ್ಯವಸ್ಥೆ ಅವನವು. ಕಾವೇರಿಯಿಂದ ತೆಗೆಸಿದ, ಅವನ ಹೆಸರನ್ನೇ ಹೊತ್ತ ನಾಲೆ ಶ್ರೀರಂಗಪಟ್ಟಣದ ಸೀಮೆಯಲ್ಲಿ ಇಂದಿಗೂ ಹರಿಯುತ್ತಿದೆ. ೧೬೮೭ರಲ್ಲಿ ಮೊಗಲರ ಸೇನಾನಿ ಖಾಸಿಂ ಖಾನನಿಗೆ ಮೂರು ಲಕ್ಷ ರೂಪಾಯಿ ತೆತ್ತು ಬೆಂಗಳೂರನ್ನು ಮೈಸೂರಿಗೆ ಸೇರಿಸಿಕೊಂಡವನೂ ಅವನೇ. ಬೆಂಗಳೂರಿನ ಕೋಟೆ ವೆಂಕಟರಮಣ ದೇವಸ್ಥಾನದಲ್ಲಿ ಕೈಮುಗಿಯುವವರು ಅವನ ಕಟ್ಟಡದಲ್ಲಿ ನಿಂತು ಕೈಮುಗಿಯುತ್ತಾರೆ.

ಆ ಮೂರು ಲಕ್ಷ ಆಕಾಶದಿಂದ ಬಿದ್ದದ್ದಲ್ಲ. ಬೊಕ್ಕಸಕ್ಕೆ ದಿನಕ್ಕೆ ಎರಡು ಚೀಲ ವರಹ, ಚೀಲಕ್ಕೆ ಸಾವಿರದಂತೆ, ಸೇರುವ ತನಕ ದೊರೆ ಊಟಕ್ಕೆ ಏಳುತ್ತಿರಲಿಲ್ಲವೆಂದು ಐತಿಹ್ಯ. ನವಕೋಟಿ ನಾರಾಯಣ ಎಂಬ ಬಿರುದಿನಂಥ ಹೆಸರು ಅವನಿಗೆ ಬಂದದ್ದು ಹಾಗೆ. ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಈ ಹಣ ಬಂದ ದಾರಿಯನ್ನು ವಿವರಿಸಿದ್ದಾರೆ. ಬೆಳೆಯಲ್ಲಿ ಅರಸನ ಪಾಲು ಆರನೆಯ ಒಂದೇ ಎಂದು ಹೇಳುತ್ತಲೇ, ಹಲವು ಚಿಲ್ಲರೆ ತೆರಿಗೆಗಳನ್ನು ಅದರ ಮೇಲೆ ಹೇರಲಾಯಿತು. ರೈತರು ಸಿಡಿದೆದ್ದರು. ನೇಗಿಲನ್ನು ತಲೆಕೆಳಗು ಮಾಡಿ ಊರ ಬಾಗಿಲ ಮರಕ್ಕೆ ನೇತುಹಾಕಿದರು. ಇನ್ನು ಉಳುವುದಿಲ್ಲ ಎಂದು ಅದರ ಅರ್ಥ. ಜಂಗಮರು ಈ ರೈತರ ಗುರುಗಳಾಗಿದ್ದರು, ದಂಗೆಗೆ ಬೆಂಬಲವಾಗಿ ನಿಂತಿದ್ದರು. ವಿಲ್ಕ್ಸ್ ಹೇಳುವಂತೆ ದೊರೆ ಆ ಮಠಗಳ ಮುಖ್ಯಸ್ಥರನ್ನು ನಂಜನಗೂಡಿಗೆ ಆಹ್ವಾನಿಸಿದ. ಸುಮಾರು ನಾನೂರು ಮಂದಿ ಬಂದರು. ಒಬ್ಬೊಬ್ಬರಾಗಿ ಒಳಗೆ ಹೋಗಿ ದೊರೆಗೆ ವಂದಿಸುವುದು, ಉಡುಗೊರೆ ಪಡೆಯುವುದು, ಇನ್ನೊಂದು ಕಡೆಯಿಂದ ಹೊರಕ್ಕೆ ಬರುವುದು ಎಂದು ಏರ್ಪಾಟು. ಹೊರಕ್ಕೆ ಬಂದಲ್ಲಿ ಒಂದು ಗುಂಡಿ ತೋಡಿತ್ತು. ಗುಂಡಿಯ ಬಳಿ ಕೊರಳು ಕತ್ತರಿಸುವವರು ಕಾದಿದ್ದರು. ಅದೇ ಕಾಲಕ್ಕೆ ಏಳುನೂರು ಮಠಗಳನ್ನು ನಾಶಮಾಡುವಂತೆ ಆಜ್ಞೆ ಹೊರಟಿತು.

ದೇವಚಂದ್ರನ ರಾಜಾವಳಿ ಕಥೆಯಲ್ಲಿಯೂ ಈ ದಮನದ ನೆನಪುಂಟು. ಅದು ೧೮೩೮ರ ಗ್ರಂಥ. ಎರಡೂ ಬರೆಹಗಳು ಘಟನೆ ನಡೆಯಿತೆನ್ನುವ ಕಾಲಕ್ಕೆ ನೂರು ವರ್ಷಕ್ಕೂ ಈಚಿನವು. ಮೈಸೂರು ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ ಹಯವದನರಾಯರು ವಿಲ್ಕ್ಸರ ಕಥನವನ್ನು ಒಪ್ಪಲು ಅನುಮಾನಿಸಿದ್ದಾರೆ. ಆಧಾರ ಕೇಳುವುದು ಇತಿಹಾಸಕಾರನ ಧರ್ಮ, ಅದನ್ನು ಯಾರೂ ಆಕ್ಷೇಪಿಸಲಾರರು. ನನ್ನ ಆಕ್ಷೇಪವಿರುವುದು ಸಾಹಿತ್ಯದ ಸಭೆಗಳಲ್ಲಿ ಕೇಳಿಬರುವ ಇನ್ನೊಂದು ವಾದಕ್ಕೆ. ಇಂಥ ರಸಿಕ, ಇಂಥ ವಿಷ್ಣುಭಕ್ತ, ಹೊನ್ನಮ್ಮನಿಂದ ಕಾವ್ಯ ಬರೆಸಿದ ದೊರೆ ಹೀಗೆ ಮಾಡಿಯಾನೆ ಎಂಬ ವಾದ ಅದು. ಇಲ್ಲಿ ಉಪಕಾರವು ಶಿಕ್ಷೆಯನ್ನು ತಪ್ಪಿಸುವುದರ ಜೊತೆಗೆ ಸಾಕ್ಷ್ಯವನ್ನೂ ಅಳಿಸಲು ಹೊರಡುತ್ತದೆ. ಕಾವ್ಯಕ್ಕೆ ಆಶ್ರಯ ಕೊಟ್ಟದ್ದು ಕಾವ್ಯಕ್ಕೆ ಆಶ್ರಯ ಕೊಟ್ಟದ್ದಕ್ಕೆ ಮಾತ್ರ ಸಾಕ್ಷಿ.

ವಿಲ್ಕ್ಸ್ ಬರೆದದ್ದು ಮುಖ್ಯಾಂಶದಲ್ಲಿ ನಿಜವೆಂದು ಇಟ್ಟುಕೊಂಡೇ, ದೊರೆಯ ಪರವಾಗಿ ಹೇಳಬಹುದಾದದ್ದನ್ನು ಹೇಳೋಣ. ಔರಂಗಜೇಬನ ದಂಡು ೧೬೮೬ರಲ್ಲಿ ಬಿಜಾಪುರವನ್ನು, ೧೬೮೭ರಲ್ಲಿ ಗೋಲ್ಕೊಂಡವನ್ನು ನುಂಗಿದ ಕಾಲ. ಮರಾಠರು ಇನ್ನೊಂದು ಕಡೆ. ಸಣ್ಣದೊಂದು ರಾಜ್ಯದ ಒಳಗೆ ನೇಗಿಲು ನಿಂತರೆ ರಾಜ್ಯವೇ ನಿಲ್ಲುತ್ತಿರಲಿಲ್ಲ. ರಾಜ್ಯ ಉಳಿಯದಿದ್ದರೆ ನಾಲೆಯಿಲ್ಲ, ಅಂಚೆಯಿಲ್ಲ, ಮಿತ್ರವಿಂದಾ ಗೋವಿಂದವೂ ಇಲ್ಲ. ಈ ವಾದಕ್ಕೆ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. ದಂಗೆಯನ್ನು ಎದುರಿಸಬೇಕಾದ ಅರಸನ ಕೈ ಕೆಲವೊಮ್ಮೆ ಕಠಿಣವಾಗುತ್ತದೆ. ಆದರೆ ಉಡುಗೊರೆಯ ನೆವದಿಂದ ಅತಿಥಿಯನ್ನು ಕರೆದು ಕೊಲ್ಲುವುದು ಯಾವ ರಾಜನೀತಿಯ ಅನಿವಾರ್ಯತೆ? ಮತ್ತು ಪ್ರತಿದಿನ ಎರಡು ಚೀಲ ಕೂಡಿಡುತ್ತಿದ್ದ ಬೊಕ್ಕಸಕ್ಕೆ ತೆರಿಗೆಯನ್ನು ಒಂದಿಷ್ಟು ಸಡಿಲಿಸುವ ದಾರಿ ಇರಲಿಲ್ಲವೆಂದು ನಂಬುವುದು ಕಷ್ಟ.

ಅದಕ್ಕಿಂತ ಮುಖ್ಯವಾದದ್ದು ಸಾಲದ ಮಾತು. ಚಿಕ್ಕದೇವರಾಜನಿಗೆ ನಾಡು ಸಾಲಗಾರ ಎಂದು ಒಪ್ಪೋಣ. ನಾಲೆಯ ನೀರಿನಲ್ಲಿ ಭತ್ತ ಬೆಳೆದವನು ಸಾಲಗಾರ, ಸಾಂಗತ್ಯವನ್ನು ಓದಿ ನಲಿದ ನಾನೂ ಸಾಲಗಾರ. ನಾವು ಅದನ್ನು ತೀರಿಸಬಹುದು, ನಾಲೆಗೆ ಅವನ ಹೆಸರಿಟ್ಟು, ಚರಿತ್ರೆಯಲ್ಲಿ ಅವನಿಗೆ ಅಧ್ಯಾಯ ಮೀಸಲಿಟ್ಟು, ತೀರಿಸಿಯೂ ಇದ್ದೇವೆ. ಗುಂಡಿಗೆ ಬಿದ್ದವರ ಪರವಾಗಿ ಅವನನ್ನು ಕ್ಷಮಿಸಿದೆವು ಎಂದು ನಾವು ಹೇಳಿದಾಗ ಏನಾಗುತ್ತದೆ? ನಮ್ಮ ಸಾಲವನ್ನು ಬೇರೊಬ್ಬರ ಗಂಟಿನಿಂದ ತೆತ್ತಂತಾಗುತ್ತದೆ. ಆ ನಾನೂರು ಮಂದಿಯ ಶಿಷ್ಯರಿಗೆ, ಮಠಗಳಿಗೆ ಯಾವ ನೆತ್ತರುಗೊಡಗೆಯೂ ಹೋಗಲಿಲ್ಲ. ಅವರಿಗೆ ಬಾಕಿಯಿದ್ದದ್ದು ನ್ಯಾಯವೊಂದೇ. ಅದನ್ನು ಎತ್ತಿಕೊಡುವ ಅಧಿಕಾರ ಹಾಲು ಕುಡಿದ ನಮಗೆ ಯಾರು ಕೊಟ್ಟರು?

ಚಿಕ್ಕದೇವರಾಜನನ್ನು ಯಾರೂ ಆನೆಗೊಂದಿಗೆ ಕರೆಸಲಿಲ್ಲ, ಕರೆಸುವವರು ಅವನ ಮೇಲೆ ಇರಲಿಲ್ಲ. ಸೇಡು ಬೇರೆಯವರ ಮೇಲೆ ತೀರಿತು. ಅವನ ಬಾಲ್ಯದ ಗೆಳೆಯ, ಹಂಗಳದಲ್ಲಿ ಅವನು ಕಾವಲಿನಲ್ಲಿದ್ದ ದಿನಗಳ ಒಡನಾಡಿ, ಮುಂದೆ ಮಂತ್ರಿಯಾದ ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷನೇ ಈ ಕೃತ್ಯಕ್ಕೆ ಬುದ್ಧಿ ಹೇಳಿದನೆಂದು ಜನ ನಂಬಿದರು, ಅವನ ಕೊಲೆಯಾಯಿತು. ಸಾಯುವಾಗ ಅವನು ಸೂಚಿಸಿದ್ದು ತಿರುಮಲಾರ್ಯನ ಹೆಸರನ್ನು ಎನ್ನುತ್ತಾರೆ ವಿಲ್ಕ್ಸ್. ಹೀಗೆ ಕವಿ ಮಂತ್ರಿಯಾದ. ದೊಡ್ಡವರಿಗೆ ಸಿಕ್ಕ ಕ್ಷಮೆಯ ದಂಡವನ್ನು ಅವರ ಪಕ್ಕದಲ್ಲಿ ನಿಂತವರು ತೆರುವುದು ಚರಿತ್ರೆಯಲ್ಲಿ ಹೊಸದಲ್ಲ.

ರಾಜರ ಕಾಲ ಕಳೆದು ಈಗ ಸಂವಿಧಾನದ ಕಾಲ. ಈ ಭಾಗವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ನಿಯಮ ಸ್ಪಷ್ಟವಾಗಿದೆ. ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಸಣ್ಣ ಅಪರಾಧಗಳಲ್ಲಿ ಮನುಷ್ಯನ ಶೀಲವನ್ನು ನೋಡಿ, ಸೆರೆಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು ಎನ್ನುತ್ತದೆ. ಮರಣದಂಡನೆಗೋ ಜೀವಾವಧಿ ಶಿಕ್ಷೆಗೋ ಗುರಿಯಾಗುವ ಅಪರಾಧಗಳಿಗೆ ಆ ಸೌಲಭ್ಯವಿಲ್ಲ. ರಾಷ್ಟ್ರಪತಿಗಳಿಗೆ ೭೨ನೆಯ ವಿಧಿಯಂತೆ, ರಾಜ್ಯಪಾಲರಿಗೆ ೧೬೧ನೆಯ ವಿಧಿಯಂತೆ ಕ್ಷಮಾದಾನದ ಅಧಿಕಾರವಿದೆ. ಅದಕ್ಕೂ ಮೇರೆಯುಂಟೆಂದು ಸರ್ವೋಚ್ಚ ನ್ಯಾಯಾಲಯ ೨೦೦೬ರಲ್ಲಿ ಎಪುರು ಸುಧಾಕರ್ ಪ್ರಕರಣದಲ್ಲಿ ತೋರಿಸಿತು. ಆಂಧ್ರದಲ್ಲಿ ಶಿಕ್ಷೆಗೊಳಗಾಗಿದ್ದ ಒಬ್ಬನ ಶಿಕ್ಷೆಯನ್ನು ರಾಜ್ಯಪಾಲರು ಕಡಿತಗೊಳಿಸಿದ್ದರು. ಅದರ ಹಿಂದಿನ ಕಡತದಲ್ಲಿ ಅವನು ಪಕ್ಷವೊಂದರ ಒಳ್ಳೆಯ ಕಾರ್ಯಕರ್ತ ಎಂಬ ಶಿಫಾರಸಿನ ಮಾತಿತ್ತು. ಅಂಥ ಮಾತಿಗೆ ಅಲ್ಲಿ ಜಾಗವಿಲ್ಲವೆಂದ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಅರ್ಜಿ ಹಾಕಿದವನು ಕೊಲೆಯಾದವನ ಮಗ ಎಂಬುದನ್ನು ಇಲ್ಲಿ ಗಮನಿಸಬೇಕು. ನಂಜನಗೂಡಿನವರ ಶಿಷ್ಯರಿಗೆ ಅರ್ಜಿ ಹಾಕುವ ಜಾಗ ಇರಲಿಲ್ಲ.

ಹಾಗಾದರೆ ಆ ಆಸ್ಥಾನದ ಸಾಹಿತ್ಯವನ್ನು ನಾವು ಬಿಟ್ಟುಬಿಡಬೇಕೆ ಎಂದು ಗೆಳೆಯರೊಬ್ಬರು ನನ್ನನ್ನು ಕೇಳಿದ್ದರು. ಖಂಡಿತ ಬೇಡ. ಹೊನ್ನಮ್ಮ ಯಾರ ಕೊರಳನ್ನೂ ಕತ್ತರಿಸಲಿಲ್ಲ, ಸಿಂಗರಾರ್ಯನ ನಾಟಕ ಯಾರ ಮಠವನ್ನೂ ಕೆಡವಲಿಲ್ಲ. ಓದುವುದು ಬೇರೆ, ದೊರೆಗೆ ನಡತೆಯ ಪತ್ರ ಬರೆದುಕೊಡುವುದು ಬೇರೆ. ತಿರುಮಲಾರ್ಯನ ವಂಶಾವಳಿಯನ್ನು ಅದರ ಗದ್ಯದ ಬೆಡಗಿಗಾಗಿ ನಾನು ಈಗಲೂ ತೆರೆಯುತ್ತೇನೆ. ತೆರೆದಾಗ ವಿಲ್ಕ್ಸರ ಸಂಪುಟವನ್ನೂ ಅದರ ಪಕ್ಕದಲ್ಲಿ ಇಟ್ಟುಕೊಳ್ಳುವುದು ರೂಢಿಯಾಗಿದೆ. ಒಂದರಲ್ಲಿ ದೊರೆಯ ಹಿರಿಯರ ಹೆಸರುಗಳು ಪುಟ ಪುಟಗಳ ಉದ್ದಕ್ಕೆ, ಬಿರುದುಗಳ ಸಮೇತ, ಬರುತ್ತವೆ. ಇನ್ನೊಂದರಲ್ಲಿ ನಾನೂರು ಎಂಬ ಸಂಖ್ಯೆಯಿದೆ, ಹೆಸರುಗಳಿಲ್ಲ.